ಅಳತೆ ತೆಗೆದು ಕೊಡುವ ಗಾಲಿಕುರ್ಚಿ: ನವನಗರದ ಒಂದು ಸೇವಾ ಟ್ರಸ್ಟ್ ಕುರಿತು

ನಡೆದಾಡಲು ಆಗದ ಮಕ್ಕಳಿಗೆ, ಅಂಗವಿಕಲರಿಗೆ ಮತ್ತು ವೃದ್ಧರಿಗೆ ಗಾಲಿಕುರ್ಚಿ, ವಾಕರ್, ಊರುಗೋಲು, ಮಕ್ಕಳ ವಿಶೇಷ ಕುರ್ಚಿ ಮುಂತಾದ ಸಾಧನಗಳನ್ನು ದಾನವಾಗಿ ಇಲ್ಲವೇ ಎರವಲಾಗಿ ಒದಗಿಸುವ ಒಂದು ಸಣ್ಣ ಟ್ರಸ್ಟ್ ಬಾಗಲಕೋಟೆಯ ನವನಗರದಲ್ಲಿದೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿರೆಂದು ಅದನ್ನು ನಡೆಸುವವರೇ ಕೇಳಿಕೊಂಡಿದ್ದಾರೆ. ಕೈಯಲ್ಲಿರುವ ಕುರ್ಚಿಗಳಿಗಿಂತ ಕೇಳಿಕೊಂಡು ಬರುವವರು ಈಗಾಗಲೇ ಹೆಚ್ಚಾಗಿದ್ದಾರೆ, ಇನ್ನಷ್ಟು ಜನರನ್ನು ಬರಮಾಡಿಕೊಂಡು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ ಎಂಬುದು ಅವರು ಕೊಟ್ಟ ಕಾರಣ. ಹೆಸರಿಲ್ಲದ ವಿಮರ್ಶೆಯಿಂದ ಯಾರಿಗೇನು ಉಪಯೋಗ ಎಂದು ಓದುಗರು ಕೇಳಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರೂ ಜಿಲ್ಲೆಗಳಲ್ಲಿ ಮಠಗಳು, ಸೇವಾ ಕ್ಲಬ್‌ಗಳು, ವ್ಯಾಪಾರಿಗಳ ಸಂಘಗಳು ಇಂಥ ಸಾಧನಗಳನ್ನು ಕೊಡುತ್ತಲೇ ಇರುತ್ತವೆ. ಅಂಥ ಯಾವುದೇ ಬಾಗಿಲಿಗೆ ಹೋಗುವ ಕುಟುಂಬವು ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಈ ಒಂದು ಟ್ರಸ್ಟಿನ ಕೆಲಸವನ್ನು ಮುಂದಿಟ್ಟುಕೊಂಡು ಹೇಳಬಹುದೆಂದು ನನಗೆ ಅನ್ನಿಸಿದೆ.

ನಮ್ಮ ಕುಟುಂಬ ಅಲ್ಲಿಗೆ ಹೋದದ್ದು ನನ್ನ ತಂಗಿಯ ಮಗನ ಸಲುವಾಗಿ. ತಂಗಿಯ ಮನೆ ಗುಳೇದಗುಡ್ಡದಲ್ಲಿದೆ, ಮನೆತನದ ಕಸುಬು ಖಣ ನೇಯುವುದು. ಹುಡುಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದೆ. ಮಾತು ಅರ್ಥವಾಗುತ್ತದೆ, ನಗುತ್ತಾನೆ, ತನಗೆ ಬೇಡವಾದದ್ದನ್ನು ಖಡಾಖಂಡಿತವಾಗಿ ನಿರಾಕರಿಸುತ್ತಾನೆ; ಆದರೆ ಬೆನ್ನು ಮತ್ತು ಕುತ್ತಿಗೆಯ ಸ್ನಾಯುಗಳ ಮೇಲೆ ಹತೋಟಿ ಕಡಿಮೆ, ಕಾಲುಗಳು ಬಿಗಿದುಕೊಂಡು ಒಂದರ ಮೇಲೊಂದು ಕತ್ತರಿಯಂತೆ ಬರುತ್ತವೆ. ಚಿಕ್ಕವನಿದ್ದಾಗ ತಾಯಿಯ ಸೊಂಟದ ಮೇಲೆ ಎಲ್ಲ ಕಡೆ ಹೋಗಿಬರುತ್ತಿದ್ದವನು ಈಗ ಒಂಬತ್ತು ವರ್ಷದವನಾಗಿದ್ದಾನೆ. ಶಕ್ತಿ ಯೋಜನೆಯಿಂದಾಗಿ ತಂಗಿಗೆ ಬಸ್ಸಿನ ಟಿಕೆಟ್ ಇಲ್ಲ, ಅದು ನಿಜವಾದ ಅನುಕೂಲವೇ; ಆದರೆ ಬಸ್ಸಿನ ಮೆಟ್ಟಿಲನ್ನು ಮಗನನ್ನು ಎತ್ತಿಕೊಂಡು ಹತ್ತುವ ಬೆನ್ನಿಗೆ ಯಾವ ರಿಯಾಯಿತಿಯೂ ಇಲ್ಲ.

ಅವನಿಗೆ ಕುರ್ಚಿಯೇ ಇರಲಿಲ್ಲವೆಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಉಚಿತ ವಿತರಣಾ ಶಿಬಿರದಲ್ಲಿ ಸಾಲಾಗಿ ನಿಲ್ಲಿಸಿದ್ದ ಗಾಲಿಕುರ್ಚಿಗಳಲ್ಲಿ ಒಂದು ಅವನ ಪಾಲಿಗೂ ಬಂದಿತ್ತು. ಆಸ್ಪತ್ರೆಗಳಲ್ಲಿ ಕಾಣುವಂಥ, ಹದಿನೆಂಟು ಇಂಚು ಅಗಲದ ಆಸನವುಳ್ಳ, ಮಡಚುವ ಕುರ್ಚಿ ಅದು. ದೊಡ್ಡವರನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಒಯ್ಯಲು ಅದು ತಕ್ಕದ್ದೇ. ಚಿಕ್ಕ ಮಗುವನ್ನು ಅದರಲ್ಲಿ ಕೂರಿಸಿದರೆ ಎರಡೂ ಕಡೆ ಅಂಗೈಯಗಲ ಜಾಗ ಉಳಿಯುತ್ತದೆ, ಮಗು ಒಂದು ಬದಿಗೆ ವಾಲುತ್ತದೆ. ಆಸನದ ಆಳ ಹೆಚ್ಚಾದದ್ದರಿಂದ ಮೊಣಕಾಲು ಅಂಚಿಗೆ ತಲುಪದೆ ಸೊಂಟ ಮುಂದಕ್ಕೆ ಜಾರುತ್ತದೆ. ಪಾದಗಳು ಕಾಲುಹಲಗೆಗೆ ತಾಗದೆ ಜೋತಾಡುತ್ತವೆ. ದಿನವೂ ಹೀಗೆ ವಾಲಿ ಕೂರುವ ಮಗುವಿನ ಬೆನ್ನೆಲುಬು ಬಾಗುವ ಸಂಭವ ಹೆಚ್ಚೆಂದು ಯಾವ ಫಿಸಿಯೋಥೆರಪಿಸ್ಟರಾದರೂ ಹೇಳುತ್ತಾರೆ. ತಂಗಿ ದಿಂಬುಗಳನ್ನು ತುರುಕಿ ನೋಡಿದಳು, ಹಳೆಯ ಸೀರೆಯಿಂದ ಕಟ್ಟಿ ನೋಡಿದಳು. ಕೊನೆಗೆ ಆ ಕುರ್ಚಿ ಪಡಸಾಲೆಯ ಮೂಲೆ ಸೇರಿ ನೂಲಿನ ಲಡಿಗಳನ್ನು ಇಡುವ ಜಾಗವಾಯಿತು. ಊರಿನ ಲೆಕ್ಕದಲ್ಲಿ ಮಾತ್ರ ಅವನು 'ಕುರ್ಚಿ ಕೊಟ್ಟಾಗಿರುವ' ಫಲಾನುಭವಿಯಾಗಿಯೇ ಉಳಿದ.

ನವನಗರದ ಟ್ರಸ್ಟಿನಲ್ಲಿ ಮೊದಲ ಭೇಟಿಯಲ್ಲಿ ಕುರ್ಚಿಯನ್ನು ಕೊಡುವುದೇ ಇಲ್ಲ. ಇದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು, ಏಕೆಂದರೆ ದೂರದ ತಾಲ್ಲೂಕುಗಳಿಂದ ಬಾಡಿಗೆ ಟಂಟಂ ಮಾಡಿಕೊಂಡು ಬಂದ ಕೆಲವರು ಬೇಸರಿಸಿಕೊಂಡು ಮರಳುವುದನ್ನು ನಾನು ಕಂಡಿದ್ದೇನೆ. ಮೊದಲ ದಿನ ನಡೆಯುವುದು ಅಳತೆ ಮತ್ತು ಮಾತುಕತೆ. ವಾರಕ್ಕೊಮ್ಮೆ ಬರುವ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗನನ್ನು ಗಟ್ಟಿಯಾದ ಹಲಗೆಯ ಮೇಲೆ ಕೂರಿಸಿ, ಹಿಂದಿನಿಂದ ಒಬ್ಬರು ಹಿಡಿದುಕೊಂಡಿರಲು, ಟೇಪಿನಿಂದ ಅಳೆದರು: ಸೊಂಟದ ಅಗಲ, ಬೆನ್ನಿನಿಂದ ಮೊಣಕಾಲಿನ ಮಡಿಕೆಯವರೆಗಿನ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಎತ್ತರ, ಆಸನದಿಂದ ಕಂಕುಳಿನವರೆಗಿನ ಎತ್ತರ, ಎದೆಯ ಅಗಲ. ಆಸನದ ಆಳವು ತೊಡೆಯ ಉದ್ದಕ್ಕಿಂತ ಎರಡು ಬೆರಳಿನಷ್ಟು ಕಡಿಮೆ ಇರಬೇಕು, ಇಲ್ಲವಾದರೆ ಮೊಣಕಾಲಿನ ಹಿಂಭಾಗ ಒತ್ತುತ್ತದೆ. ಕಾಲುಹಲಗೆಯ ಎತ್ತರವನ್ನು ನಿಶ್ಚಯಿಸುವಾಗ ಮೆತ್ತೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯಬೇಕು. ಈ ಪ್ರತಿಯೊಂದನ್ನೂ ಅವರು ತಂಗಿಗೆ ವಿವರಿಸುತ್ತ ಹೋದರು. ಅಲ್ಲಿಯವರೆಗೆ ಯಾವ ವಿತರಣೆಯಲ್ಲೂ ಅವಳಿಗೆ ಯಾರೂ ಏನನ್ನೂ ವಿವರಿಸಿರಲಿಲ್ಲ, ಸಹಿಯನ್ನಷ್ಟೇ ಕೇಳಿದ್ದರು.

ಅಳತೆಯ ನಂತರ ಬಂದ ಪ್ರಶ್ನೆಗಳು ನನಗೆ ಹೆಚ್ಚು ಮೆಚ್ಚುಗೆಯಾದವು. ಮನೆಯ ತಲೆಬಾಗಿಲಿನ ಅಗಲ ಎಷ್ಟು, ಹೊಸ್ತಿಲು ಎಷ್ಟು ಎತ್ತರ, ಕಟ್ಟೆಗೆ ಎಷ್ಟು ಮೆಟ್ಟಿಲು, ನೆಲ ಪರಸಿಯದೋ ಮಣ್ಣಿನದೋ, ಓಣಿಯಲ್ಲಿ ಕಾಂಕ್ರೀಟ್ ಇದೆಯೋ ಇಲ್ಲವೋ, ಶಾಲೆ ಎಷ್ಟು ದೂರ, ಮನೆಯಲ್ಲಿ ಎತ್ತಿ ಕೂರಿಸುವವರು ಯಾರು. ತಂಗಿಯ ಮನೆಯ ನಡುಭಾಗದಲ್ಲಿ ಕುಣಿಮಗ್ಗವಿದೆ. ನೇಕಾರ ಕಾಲಿಳಿಬಿಟ್ಟು ಕೂರುವ ಆ ಕುಣಿಗೂ ಗೋಡೆಗೂ ನಡುವೆ ಉಳಿಯುವ ದಾರಿಯೇ ಅಡುಗೆಮನೆಗೆ ಹೋಗುವ ದಾರಿ. ಸಾಮಾನ್ಯ ಮಡಚುವ ಕುರ್ಚಿಯ ಚಕ್ರಗಳನ್ನೂ ಸೇರಿಸಿ ಅಳೆದರೆ ಹೊರ ಅಗಲ ಎರಡು ಅಡಿಗೂ ಹೆಚ್ಚಾಗುತ್ತದೆ. ಮಗ್ಗದ ಪಕ್ಕದಲ್ಲಿ ಅದು ಹೋಗುವುದು ಹಾಗಿರಲಿ, ಒಂದು ಚಕ್ರ ಕುಣಿಗೆ ಇಳಿದರೆ ಮಗು ಮುಖವಡಿಯಾಗಿ ಬೀಳುತ್ತದೆ. ಇದನ್ನು ಕೇಳಿದ ಮೇಲೆ ಟ್ರಸ್ಟಿನವರೊಬ್ಬರು ಗುಳೇದಗುಡ್ಡಕ್ಕೇ ಬಂದು ಜಾಗ ನೋಡಿಕೊಂಡು ಹೋದರು. ಪ್ರತಿಯೊಂದು ಮನೆಗೂ ಹೀಗೆ ಹೋಗುವಷ್ಟು ಜನಬಲ ಅವರಿಗಿಲ್ಲ. ಹೆಚ್ಚಿನ ಕುಟುಂಬಗಳಿಂದ ಮೊಬೈಲಿನಲ್ಲಿ ತೆಗೆದ ಬಾಗಿಲಿನ ಮತ್ತು ಓಣಿಯ ಫೋಟೊಗಳನ್ನು ತರಿಸಿಕೊಂಡು ಕೆಲಸ ಸಾಗಿಸುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ, ಸಂಪನ್ಮೂಲ ಕಡಿಮೆಯಿರುವ ಪ್ರದೇಶಗಳಲ್ಲಿ ಗಾಲಿಕುರ್ಚಿ ಒದಗಿಸುವ ಬಗೆಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಕುಟುಂಬವನ್ನು ಗುರುತಿಸುವುದು, ಪರೀಕ್ಷಿಸಿ ಅಳೆಯುವುದು, ಯಾವ ಕುರ್ಚಿಯೆಂದು ನಿರ್ಧರಿಸುವುದು, ಹಣ ಹೊಂದಿಸಿ ತರಿಸುವುದು, ಕುರ್ಚಿಯನ್ನು ಸಿದ್ಧಪಡಿಸುವುದು, ಕೂರಿಸಿ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ದುರಸ್ತಿ ಮತ್ತು ಮರುಭೇಟಿ ಎಂದು ಎಂಟು ಹಂತಗಳನ್ನು ಅದು ಹೇಳುತ್ತದೆ. ನಮ್ಮ ಕಡೆಯ ಹೆಚ್ಚಿನ ದಾನ ಕಾರ್ಯಕ್ರಮಗಳಲ್ಲಿ ಈ ಎಂಟರ ಪೈಕಿ ಹಣ ಹೊಂದಿಸುವ ಹಂತವೊಂದೇ ಶ್ರದ್ಧೆಯಿಂದ ನಡೆಯುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು. ನವನಗರದ ಟ್ರಸ್ಟಿನಲ್ಲಿ ಎಂಟೂ ಪೂರ್ಣವಾಗಿ ನಡೆಯುತ್ತವೆ ಎಂದು ನಾನು ಹೇಳಲಾರೆ; ಅಳತೆ, ಹೊಂದಿಕೆ ಮತ್ತು ದುರಸ್ತಿ ಇವು ಮೂರೂ ನಡೆಯುತ್ತವೆ ಎಂಬುದೇ ಅದನ್ನು ಉಳಿದವುಗಳಿಂದ ಬೇರೆಯಾಗಿಸಿದೆ.

ಹುಡುಗನಿಗೆ ಕೊನೆಗೆ ದೊರೆತದ್ದು ಕಿರಿದಾದ ಆಸನದ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆಂದೇ ಮಾಡಿದ ಕುರ್ಚಿ. ಎದೆಯ ಎರಡೂ ಬದಿಗೆ ಆಸರೆ, ತಲೆಗೆ ಆಸರೆ, ಕಾಲುಗಳು ಕತ್ತರಿಯಾಗದಂತೆ ತೊಡೆಗಳ ನಡುವೆ ಒಂದು ಮೆತ್ತನೆಯ ಗೂಟ, ಸೊಂಟವನ್ನು ಹಿಂದಕ್ಕೆ ಹಿಡಿದಿಡುವ ಪಟ್ಟಿ, ಮುಂದೆ ಜೋಡಿಸಿ ತೆಗೆಯಬಹುದಾದ ತಟ್ಟೆಯಂಥ ಹಲಗೆ ಅದಕ್ಕಿವೆ. ಹೊಸದಲ್ಲ, ಬೇರೊಂದು ಮಗು ಬೆಳೆದು ಬಿಟ್ಟುಕೊಟ್ಟದ್ದನ್ನು ಬಣ್ಣ ಬಳಿದು, ಬಟ್ಟೆ ಬದಲಿಸಿ ಕೊಟ್ಟರು. ಹಳೆಯದೆಂದು ನನ್ನ ಭಾವನಿಗೆ ಮೊದಲು ಸ್ವಲ್ಪ ಕಸಿವಿಸಿಯಾಯಿತು. ಆಗ ಅಲ್ಲಿನ ದುರಸ್ತಿ ಕೋಣೆಯಲ್ಲಿ ಕೆಲಸ ಮಾಡುವವರು, ಸ್ವತಃ ಪೋಲಿಯೊ ಆಗಿ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ನಡೆಯುವವರು, ತಲೆಯೆತ್ತದೆಯೇ ಹೇಳಿದರು: "ಹೊಸಾದು ಬೇಕಂದ್ರ ಹೊಸಾದ ಕೊಡೂಣ್ರೀ ಅಣ್ಣಾರ. ಆದ್ರ ಅದರಾಗ ಕೂಸು ಕುಂದರಬೇಕಲ್ರೀ." ಭಾವ ಮುಂದೆ ಮಾತಾಡಲಿಲ್ಲ.

ಕುರ್ಚಿ ಬಂದ ಮೇಲೆ ಆದ ಬದಲಾವಣೆಯನ್ನು ಹಿಗ್ಗಿಸಿ ಹೇಳುವ ಇಚ್ಛೆ ನನಗಿಲ್ಲ. ಹುಡುಗ ನಡೆಯಲಿಲ್ಲ, ನಡೆಯುವುದೂ ಇಲ್ಲ. ಸಾಧನವು ಚಿಕಿತ್ಸೆಯಲ್ಲ ಎಂಬುದನ್ನು ಟ್ರಸ್ಟಿನವರೇ ಮೊದಲು ಹೇಳಿದ್ದರು. ಆದರೆ ಬೆನ್ನು ನೆಟ್ಟಗಿರುವುದರಿಂದ ಅವನಿಗೆ ನುಂಗುವುದು ಸುಲಭವಾಗಿದೆ, ಊಟದ ಹೊತ್ತಿನ ಕೆಮ್ಮು ಕಡಿಮೆಯಾಗಿದೆ, ಎರಡೂ ಕೈಗಳು ಬಿಡುವಾಗಿ ಹಲಗೆಯ ಮೇಲಿನ ವಸ್ತುಗಳನ್ನು ದೂಡುತ್ತಾನೆ. ಅವನು ಮಗ್ಗದ ಪಕ್ಕದಲ್ಲೇ ಕೂರುವುದರಿಂದ ತಂಗಿಗೆ ಲಾಳಿ ಆಡಿಸುತ್ತಲೇ ಅವನ ಮೇಲೆ ಕಣ್ಣಿಡಲು ಆಗುತ್ತದೆ. ನೇಕಾರಿಕೆಯಲ್ಲಿ ನೇಯ್ದಷ್ಟೇ ಕೂಲಿ. ಮಗುವನ್ನು ಹಿಡಿದು ಕೂರುವ ಪ್ರತಿ ಗಂಟೆಯೂ ಮನೆಯ ಸಂಪಾದನೆಯಿಂದ ಕಳೆದುಹೋಗುವ ಗಂಟೆ. ಇಂಥ ಕುರ್ಚಿಯ ಲಾಭವನ್ನು ಎಣಿಸುವಾಗ ಮಗುವಿನ ಜೊತೆಗೆ ತಾಯಿಯ ದುಡಿಮೆಯನ್ನೂ ಎಣಿಸಬೇಕೆಂದು ದಾನಿಗಳಿಗೆ ಹೇಳಬೇಕೆನಿಸುತ್ತದೆ.

ದುರಸ್ತಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಟ್ರಸ್ಟಿನ ನಿಜವಾದ ಬೆಲೆ ತಿಳಿಯುವುದು ಅಲ್ಲಿಯೇ. ನೇಕಾರರ ಮನೆಯಲ್ಲಿ ನೆಲದ ಮೇಲೆ ಸದಾ ರೇಷ್ಮೆಯ ಮತ್ತು ಹತ್ತಿಯ ಎಳೆಗಳು ಬಿದ್ದಿರುತ್ತವೆ. ಕುರ್ಚಿಯ ಮುಂದಿನ ಸಣ್ಣ ಚಕ್ರಗಳ ಅಚ್ಚಿಗೆ ಈ ಎಳೆಗಳು ಸುತ್ತಿಕೊಂಡು, ಎಣ್ಣೆ ಧೂಳುಗಳೊಂದಿಗೆ ಕಲೆತು ಗಟ್ಟಿಯಾಗಿ, ಕೆಲವೇ ವಾರಗಳಲ್ಲಿ ಚಕ್ರ ತಿರುಗದಂತಾಯಿತು. ಕುರ್ಚಿ ಕೆಟ್ಟಿತೆಂದೇ ಮನೆಯವರು ತಿಳಿದಿದ್ದರು. ದುರಸ್ತಿಯವರು ಬೋಲ್ಟ್ ಬಿಚ್ಚಿ, ಬ್ಲೇಡಿನಿಂದ ನೂಲು ಕತ್ತರಿಸಿ ತೆಗೆದು, ಬೇರಿಂಗಿಗೆ ಗ್ರೀಸ್ ಹಚ್ಚಿ, ಅದನ್ನು ಭಾವನ ಕೈಯಿಂದಲೇ ಇನ್ನೊಂದು ಚಕ್ರಕ್ಕೆ ಮಾಡಿಸಿದರು. ಎರಡು ಪಾನಾಗಳನ್ನೂ ಕೊಟ್ಟು ಕಳಿಸಿದರು. ದೊಡ್ಡವರಿಗೆ ಕುರ್ಚಿ ಕೊಡುವಾಗ ಸ್ಥಳೀಯ ಸೈಕಲ್ ಅಂಗಡಿಯಲ್ಲಿ ಸಿಗುವ ಟ್ಯೂಬು, ಕಡ್ಡಿಗಳು ಹೊಂದುವ ಚಕ್ರಗಳನ್ನೇ ಆದಷ್ಟು ಆರಿಸುತ್ತಾರೆ. ಎಲ್ಲಿಂದಲೋ ಬಂದ ಬೆಲೆಬಾಳುವ ಕುರ್ಚಿಯೊಂದು, ಮುಂಚಕ್ರದ ಬಿಡಿಭಾಗ ಎಲ್ಲಿಯೂ ಸಿಗದೆ, ಅದೇ ಕೋಣೆಯ ಅಟ್ಟದಲ್ಲಿ ಕೂತಿರುವುದನ್ನು ಅವರು ನನಗೆ ತೋರಿಸಿದರು. ದಾನ ಕೊಟ್ಟವರ ಹೆಸರಿನ ಫಲಕ ಮಾತ್ರ ಅದರ ಬೆನ್ನಿನ ಮೇಲೆ ಇನ್ನೂ ಹೊಳೆಯುತ್ತಿತ್ತು.

ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ವಾಸಿಸುವವರ ಕಷ್ಟ ಬೇರೆಯೇ. ನಮ್ಮ ಎರೆ ಮಣ್ಣು ಹಸಿಯಾದರೆ ಎತ್ತಿನ ಗಾಡಿಯನ್ನೇ ಹಿಡಿದು ನಿಲ್ಲಿಸುತ್ತದೆ. ಸಣ್ಣ ಮುಂಚಕ್ರದ ಕುರ್ಚಿ ಅಲ್ಲಿ ಒಂದು ಮಾರು ಸಾಗದು. ಅಂಥವರಿಗೆ ಮುಂದೆ ಒಂದೇ ದೊಡ್ಡ ಚಕ್ರವಿರುವ, ಉದ್ದನೆಯ ಚೌಕಟ್ಟಿನ ಮೂರು ಚಕ್ರದ ಕುರ್ಚಿ ಒಳ್ಳೆಯದೆಂದು ಟ್ರಸ್ಟಿನವರಿಗೆ ಗೊತ್ತಿದೆ, ಆದರೆ ಅವು ಅವರಲ್ಲಿ ಅಪರೂಪ. ತೋಳಿನಲ್ಲಿ ಬಲವಿದ್ದು ಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ಕೈಯಿಂದ ಪೆಡಲ್ ತಿರುಗಿಸುವ ತ್ರಿಚಕ್ರ ಸೈಕಲ್ಲನ್ನು ಕೊಡುತ್ತಾರೆ. ಕೃತಕ ಕಾಲಿನ ಕೆಲಸ ತಮ್ಮದಲ್ಲವೆಂದು ಸ್ಪಷ್ಟವಾಗಿ ಹೇಳಿ, ಅಂಥವರನ್ನು ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ಗೆ ಕಳಿಸುತ್ತಾರೆ. ತನಗೆ ಬಾರದ ಕೆಲಸಕ್ಕೆ ಕೈಹಾಕದಿರುವುದನ್ನು ನಾನು ಗುಣವೆಂದೇ ಪರಿಗಣಿಸುತ್ತೇನೆ.

ಸರ್ಕಾರಿ ಯೋಜನೆ ಇರುವಾಗ ದಾನವೇಕೆ ಎಂಬ ಪ್ರಶ್ನೆ ಸಹಜ. ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ಇದೆ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೊ ಎಂಬ ಸರ್ಕಾರಿ ಸಂಸ್ಥೆ ಆ ಸಾಧನಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತದೆ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಮತ್ತು ಆದಾಯ ಮಿತಿ ಅದಕ್ಕೆ ಅಗತ್ಯ. ಒಮ್ಮೆ ಸಾಧನ ಪಡೆದವರು ಅದೇ ಉದ್ದೇಶಕ್ಕೆ ಮತ್ತೆ ಮೂರು ವರ್ಷ ಅರ್ಜಿ ಹಾಕುವಂತಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದು ವರ್ಷ. ಮಕ್ಕಳು ಬೆಳೆಯುತ್ತಾರೆಂಬ ವಿವೇಕ ಈ ಕೊನೆಯ ನಿಯಮದಲ್ಲಿದೆ. ಆದರೆ ಅದು ಬಹುಪಾಲು ಪಾಲಕರಿಗೆ ತಿಳಿದೇ ಇಲ್ಲ, ನನ್ನ ತಂಗಿಗೂ ತಿಳಿದಿರಲಿಲ್ಲ. ಒಮ್ಮೆ ಕೊಟ್ಟಾಯಿತಲ್ಲ ಎಂಬ ಮಾತನ್ನು ನಂಬಿ ಅವರು ಸುಮ್ಮನಾಗುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಏಳಿದ್ದ ವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿದ್ದು, ಸೆರೆಬ್ರಲ್ ಪಾಲ್ಸಿ ಮತ್ತು ಸ್ನಾಯುಗಳು ಕ್ರಮೇಣ ಬಲಗುಂದುವ ಮಸ್ಕ್ಯುಲರ್ ಡಿಸ್ಟ್ರೋಫಿ ಅದರಲ್ಲಿ ಸ್ಪಷ್ಟವಾಗಿ ಸೇರಿವೆ. ಟ್ರಸ್ಟಿನ ಮೇಜಿನ ಬಳಿ ಕೂರುವ ಹೆಣ್ಣುಮಗಳು ಬಂದವರ ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆಗಿದೆಯೇ ಎಂದು ಮೊದಲು ಕೇಳುತ್ತಾಳೆ, ಆಗಿರದಿದ್ದರೆ ಅರ್ಜಿ ತುಂಬಿಸುತ್ತಾಳೆ, ಅವರ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಅಲ್ಲಿಂದಲೇ ಫೋನ್ ಮಾಡುತ್ತಾಳೆ. ಸರ್ಕಾರದಿಂದ ಬರಬೇಕಾದದ್ದು ಬರಲಿ, ಬರುವವರೆಗೆ ನಮ್ಮದು ಇರಲಿ ಎಂಬುದು ಅವರ ಧೋರಣೆ. ಈ ಕಾಗದದ ಕೆಲಸಕ್ಕೆ ಯಾವ ದಾನಿಯೂ ಹಣ ಕೊಡುವುದಿಲ್ಲವಂತೆ, ಏಕೆಂದರೆ ಅದರ ಫೋಟೊ ತೆಗೆಯಲಾಗುವುದಿಲ್ಲ.

ಫೋಟೊ ಎಂದಾಗ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ಸಾಧನ ಪಡೆಯುವಾಗ ದಾನಿಯ ಜೊತೆ ನಿಂತು ಫೋಟೊ ತೆಗೆಸಿಕೊಳ್ಳಬೇಕೆಂಬ ಕಡ್ಡಾಯ ಇಲ್ಲಿ ಇಲ್ಲ. ಒಪ್ಪಿಗೆ ಇದ್ದರೆ ಮಾತ್ರ ಎಂದು ಅರ್ಜಿಯಲ್ಲೇ ಅಚ್ಚಾಗಿದೆ. ಅಷ್ಟು ಸರಿ. ಆದರೆ ಉಚಿತವಾಗಿ ಕುರ್ಚಿ ಪಡೆಯುತ್ತಿರುವ ತಾಯಿಯೊಬ್ಬಳು ಆ ಮೇಜಿನ ಮುಂದೆ ನಿಂತು 'ಬೇಡ' ಎಂಬ ಚೌಕದಲ್ಲಿ ಗುರುತು ಹಾಕುವುದು ಎಷ್ಟರಮಟ್ಟಿಗೆ ಸಾಧ್ಯ? ನನ್ನ ತಂಗಿ ಹಾಕಲಿಲ್ಲ. ಒಪ್ಪಿಗೆಯನ್ನು ಕುರ್ಚಿ ಕೊಟ್ಟ ಕೆಲವು ವಾರಗಳ ನಂತರ, ಫೋನಿನಲ್ಲಿ ಕೇಳುವುದು ಹೆಚ್ಚು ನ್ಯಾಯವಾದೀತು. ಈ ಸಲಹೆಯನ್ನು ಅವರಿಗೆ ನೇರವಾಗಿಯೇ ಕೊಟ್ಟಿದ್ದೇನೆ, ನೋಡುತ್ತೇವೆ ಎಂದಿದ್ದಾರೆ.

ಉಳಿದ ಕೊರತೆಗಳೂ ಸಣ್ಣವೇನಲ್ಲ. ಕಾಯುವ ಅವಧಿ ದೀರ್ಘ, ಅದರಲ್ಲೂ ಮಕ್ಕಳ ಕುರ್ಚಿಗೆ. ಸರದಿ ಎಲ್ಲಿಗೆ ಬಂತೆಂದು ತಿಳಿಯಲು ನಾವೇ ಫೋನ್ ಮಾಡಬೇಕು, ಅದೂ ಮಧ್ಯಾಹ್ನದ ನಂತರ. ಫಿಸಿಯೋಥೆರಪಿಸ್ಟ್ ಬಾರದ ವಾರ ಅಳತೆಯೇ ನಡೆಯುವುದಿಲ್ಲ, ಮುಂಚಿತವಾಗಿ ತಿಳಿಸುವ ವ್ಯವಸ್ಥೆಯೂ ಇಲ್ಲ. ಇದಕ್ಕಿಂತ ಗಂಭೀರವಾದದ್ದು ಮೆತ್ತೆಯ ವಿಷಯ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನ ಕಳೆದುಕೊಂಡವರು, ಉದಾಹರಣೆಗೆ ಮರದಿಂದಲೋ ಕಟ್ಟಡದಿಂದಲೋ ಬಿದ್ದವರು, ಒತ್ತಡ ಹಂಚುವ ಮೆತ್ತೆಯಿಲ್ಲದೆ ಗಾಲಿಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತರೆ ಕುಂಡಿಯ ಎಲುಬಿನ ಬಳಿ ಹುಣ್ಣಾಗುತ್ತದೆ. ನೋವು ತಿಳಿಯದ ಕಾರಣ ಅದು ಆಳಕ್ಕೆ ಇಳಿದ ಮೇಲೆಯೇ ಗಮನಕ್ಕೆ ಬರುತ್ತದೆ, ಸೋಂಕು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು. ಟ್ರಸ್ಟಿನಲ್ಲಿ ಎಲ್ಲರಿಗೂ ಕೊಡುವುದು ಒಂದೇ ಬಗೆಯ ಸಾದಾ ಸ್ಪಂಜಿನ ಮೆತ್ತೆ. ಆಗಾಗ ಕೈಯೂರಿ ಮೈಯೆತ್ತಬೇಕು, ದಿನವೂ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು ಎಂದು ಹೇಳಿಕೊಡುತ್ತಾರೆ ನಿಜ, ಆದರೆ ಅಂಥವರಿಗೆ ಮಾತು ಸಾಲದು. ಕುರ್ಚಿಗೆ ದಾನ ಕೊಡುವವರು ಸಿಗುತ್ತಾರೆ, ಮೆತ್ತೆಗೆ ಸಿಗುವುದಿಲ್ಲ ಎಂದು ಅವರು ಹೇಳಿದಾಗ ನನಗೆ ಅಚ್ಚರಿಯಾಗಲಿಲ್ಲ.

ಎರವಲಿನ ವಿಭಾಗ ಮಾತ್ರ ಯಾವ ಆಕ್ಷೇಪಣೆಗೂ ಎಡೆಯಿಲ್ಲದಂತೆ ನಡೆಯುತ್ತಿದೆ. ಲಕ್ವಾ ಹೊಡೆದು ಮಲಗಿದ ನಮ್ಮ ನೆರೆಮನೆಯ ಅಜ್ಜಿಗೆ ಅಲ್ಲಿಂದ ವಾಕರ್ ಮತ್ತು ಕುರ್ಚಿ ತಂದೆವು. ಸಣ್ಣ ಮೊತ್ತದ ಠೇವಣಿ, ಆಧಾರ್ ಪ್ರತಿ, ಪರಿಚಿತರೊಬ್ಬರ ಸಹಿ ಇಷ್ಟರಲ್ಲೇ ಕೆಲಸ ಮುಗಿಯಿತು. ಅಜ್ಜಿ ಚೇತರಿಸಿಕೊಂಡು ವಾಕರ್ ಹಿಡಿದು ಪಡಸಾಲೆಯವರೆಗೆ ಬರತೊಡಗಿದಾಗ ಕುರ್ಚಿ ಮರಳಿಸಿದೆವು, ಠೇವಣಿ ಅಂದೇ ಕೈಸೇರಿತು. ದಾನವಾಗಿ ಪಡೆದ ಕುಟುಂಬಗಳಿಂದಲೂ ಶಕ್ತ್ಯಾನುಸಾರ ಏನಾದರೂ ಕಾಣಿಕೆ ಪಡೆದು ರಸೀದಿ ಕೊಡುತ್ತಾರೆ, ಏನೂ ಕೊಡಲಾಗದವರನ್ನು ಕೇಳುವುದಿಲ್ಲ. ತಂಗಿ ಒಂದು ಖಣ ಕೊಟ್ಟು ಬಂದಳು. ಅದಕ್ಕೂ ರಸೀದಿ ಬರೆದುಕೊಟ್ಟರು.

ಹುಡುಗನ ಈಗಿನ ಕುರ್ಚಿ ಇನ್ನು ಹೆಚ್ಚೆಂದರೆ ಎರಡು ವರ್ಷ ಹೊಂದೀತು. ಕಾಲುಹಲಗೆಯನ್ನು ಈಗಾಗಲೇ ಒಂದು ತೂತು ಕೆಳಗಿಳಿಸಿ ಬಿಗಿಯಲಾಗಿದೆ. ಸ್ನಾನಕ್ಕೂ ಶೌಚಕ್ಕೂ ಬಳಸುವ, ಆಸನದಲ್ಲಿ ತೂತಿರುವ ಕುರ್ಚಿ ಮಕ್ಕಳ ಅಳತೆಯಲ್ಲಿ ಅವರ ಬಳಿ ಇಲ್ಲ. ಹತ್ತಿರದ ಬಡಗಿಯೊಬ್ಬರಿಂದ ಮಾಡಿಸಬಹುದೆಂದು ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಇಂಥ ಕುರ್ಚಿ ಬೇಕಾದವರು ಎಲ್ಲಿಗೇ ಹೋಗಲಿ, ಮಗುವಿನ ಜೊತೆಗೆ ಮನೆಯ ಬಾಗಿಲಿನ, ಬಚ್ಚಲಿನ ಮತ್ತು ಹೊಸ್ತಿಲಿನ ಅಳತೆಯನ್ನೂ, ಯುಡಿಐಡಿ ಕಾರ್ಡನ್ನೂ, ಹಿಂದೆ ಸಾಧನ ಪಡೆದಿದ್ದರೆ ಅದರ ದಿನಾಂಕವನ್ನೂ ಕೊಂಡೊಯ್ಯಲಿ. ಅಳತೆ ತೆಗೆಯದೆ ಕುರ್ಚಿ ಕೊಡಲು ಬಂದವರಲ್ಲಿ, ಟೇಪ್ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಲಿ.